ಚಿತ್ರದ ಕೆಳಗೆ ಕ್ಷಮೆ ಕೇಳಬೇಡ

ಮೈಸೂರು
ಭಾನುವಾರ ಸಂಜೆ

ಚಿ. ಮೇಘಾಗೆ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನ ಕವರು ಬುಧವಾರವೇ ಕೈ ಸೇರಿತು. ಆರು ಚಿತ್ರ, ಆರು ಕಥೆ. ಮೂರು ದಿನದಿಂದ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಸಾರಿನ ಪಾತ್ರೆ ಇಡಲು ಜಾಗ ಇಲ್ಲ ಅಂತ ನಿನ್ನ ಚಿಕ್ಕಪ್ಪ ಗೊಣಗಿದ್ದೂ ಆಯಿತು. ಗ್ರೀಸಿನ ಕಥೆಗಳನ್ನು ಕನ್ನಡದಲ್ಲಿ ಹೇಳಿ, ಪಕ್ಕದಲ್ಲಿ ನಿನ್ನ ಕೈಯ ಚಿತ್ರ ಇಟ್ಟು, ಪುಸ್ತಕ ಮಾಡಿ ನಾಲ್ಕು ಜನಕ್ಕೆ ಹಂಚಬೇಕು ಅಂತ ಬರೆದಿದ್ದೀಯ. ಖಂಡಿತ ಮಾಡು. ಹೇಗಿದೆ ಅಂತ ನೀನೇ ಕೇಳಿದ್ದೀಯಲ್ಲ, ಅದಕ್ಕೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಮೊದಲು ರಬ್ಬರ್ ತಗೊಂಡು ಆ ಪೆನ್ಸಿಲ್ ಸಾಲು ಅಳಿಸು. ಆರಕ್ಕೆ ಆರೂ ಚಿತ್ರದ ಕೆಳಗೆ 'ನನಗೆ ಚಿತ್ರ ಬರಲ್ಲ, ಸುಮ್ನೆ ಪ್ರಯತ್ನ, ಕ್ಷಮಿಸಿ' ಅಂತ ಬರೆದಿದ್ದೀಯ. ನಾನೂ ಒಂದು ಕಾಲದಲ್ಲಿ ಹೀಗೇ ಮಾಡಿದ್ದೆ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ದಿನಗಳು. ವಾರ್ಷಿಕೋತ್ಸವಕ್ಕೆ ಒಂದು ವಾಟರ್‌ಕಲರ್ ಚಿತ್ರ ಇಟ್ಟು, ಕೆಳಗೆ ಇಂಥದ್ದೇ ಚೀಟಿ ಅಂಟಿಸಿದ್ದೆ. ಬಂದವರೆಲ್ಲ ಚೀಟಿ ಓದಿದರು, ನಕ್ಕರು, ಮುಂದೆ ಹೋದರು. ಚಿತ್ರದ ಕಡೆ ಒಬ್ಬರೂ ತಲೆ ಎತ್ತಲಿಲ್ಲ. ಆಮೇಲೆ ಹದಿನಾಲ್ಕು ವರ್ಷ ನಾನು ಬ್ರಶ್ ಮುಟ್ಟಲಿಲ್ಲ. ನಿನ್ನ ಅಮ್ಮನಿಗೂ ಇದು ಗೊತ್ತಿಲ್ಲ.

ಥಿಯೋಫಿಲೋಸ್ ಅಂತ ಒಬ್ಬನಿದ್ದ, ಗ್ರೀಸಿನ ಲೆಸ್ಬೋಸ್ ದ್ವೀಪದವನು. ಚಿತ್ರ ಕಲಿಸುವ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ವೋಲೋಸ್ ಪಟ್ಟಣದಲ್ಲಿ, ಪಕ್ಕದ ಪೀಲಿಯನ್ ಬೆಟ್ಟದ ಹಳ್ಳಿಗಳಲ್ಲಿ ಅಂಗಡಿ, ಕಾಫಿ ಹೋಟೆಲು, ಮನೆಗಳ ಗೋಡೆ ಮೇಲೆ ಚಿತ್ರ ಬರೆಯುತ್ತಿದ್ದ. ಬಹಳ ಸಲ ಒಂದು ಹೊತ್ತಿನ ಊಟವೇ ಕೂಲಿ. ಹಳೇ ಕಾಲದವರ ಹಾಗೆ ನೆರಿಗೆ ನೆರಿಗೆಯ ಬಿಳಿ ಲಂಗ ತೊಟ್ಟು ಓಡಾಡುತ್ತಿದ್ದ. ಹಬ್ಬ ಬಂದರೆ ಅಲೆಕ್ಸಾಂಡರನ ವೇಷ. ಊರವರಿಗೆ ಅವನು ಒಂದು ತಮಾಷೆ. ಏಣಿ ಮೇಲೆ ನಿಂತು ಗೋಡೆಗೆ ಬಣ್ಣ ಹಚ್ಚುವಾಗ ಯಾರೋ ಪೋಲಿ ಏಣಿ ಎಳೆದು ಬೀಳಿಸಿದನಂತೆ.

ಅವನು ಪುರಾಣದ ದೇವರುಗಳನ್ನೂ ಬರೆದ, ಅಲೆಕ್ಸಾಂಡರನನ್ನೂ ಬರೆದ, 1821ರ ಸ್ವಾತಂತ್ರ್ಯ ಯುದ್ಧದ ವೀರರನ್ನೂ ಬರೆದ. ಕೈಕಾಲಿನ ಅಳತೆ ತಪ್ಪಿರುತ್ತದೆ. ಚಿತ್ರದ ಅಂಚಿನಲ್ಲಿ ಇವನು ಯಾರು, ಇಲ್ಲಿ ಏನಾಗುತ್ತಿದೆ ಅಂತ ಅವನೇ ಬರೆಯುತ್ತಿದ್ದ, ಅದೂ ತಪ್ಪು ಕಾಗುಣಿತದಲ್ಲಿ. ಕ್ಷಮೆ ಮಾತ್ರ ಎಲ್ಲೂ ಕೇಳಿಲ್ಲ. ಪ್ಯಾರಿಸ್ಸಿನಲ್ಲಿ ಕಲೆಯ ಪುಸ್ತಕ ಪ್ರಕಟಿಸುತ್ತಿದ್ದ ತೇರಿಯಾದ್ ಕೂಡ ಲೆಸ್ಬೋಸಿನವನೇ. ಅವನ ಕಣ್ಣಿಗೆ ಥಿಯೋಫಿಲೋಸ್ ಬಿದ್ದದ್ದು ಬದುಕಿನ ಕೊನೆಯಲ್ಲಿ. 1934ರಲ್ಲಿ ಥಿಯೋಫಿಲೋಸ್ ತೀರಿಕೊಂಡ. ಈಗ ಲೆಸ್ಬೋಸಿನ ವಾರಿಯಾ ಊರಿನಲ್ಲಿ, ಆಲಿವ್ ಮರಗಳ ನಡುವೆ, ಅವನ ಚಿತ್ರಗಳಿಗೇ ಅಂತ ಒಂದು ಮ್ಯೂಸಿಯಂ ಇದೆ. 1965ರಲ್ಲಿ ತೆರೆದದ್ದು. ನೀನೂ ಹಾಗೆ ಆಗುತ್ತೀಯ ಅಂತ ಆಸೆ ಹುಟ್ಟಿಸುತ್ತಿಲ್ಲ ಕಣೇ. ಕೈ ಸೊಟ್ಟಗಿದ್ದರೂ ಅವನಿಗೆ ಕಥೆ ಚೆನ್ನಾಗಿ ಗೊತ್ತಿತ್ತು, ಅಷ್ಟು ನೋಡಿಕೋ ಸಾಕು.

ನಿನಗೆ ಪೆಟ್ಟು ಬಿದ್ದಿರುವುದು ಅಲ್ಲೇ. ಕೈ ಪರವಾಗಿಲ್ಲ, ಕಥೆಯನ್ನು ಬೇರೆಯವರ ಚಿತ್ರ ನೋಡಿ ಬರೆದಿದ್ದೀಯ. ಲೋಕಕ್ಕೆ ಕಷ್ಟಗಳನ್ನೆಲ್ಲ ಬಿಟ್ಟವಳು ಅನ್ನುವ ನಿನ್ನ ಪಂಡೋರಾ ಒಂದು ಒಡವೆ ಪೆಟ್ಟಿಗೆ ಹಿಡಿದು ಕೂತಿದ್ದಾಳೆ, ಮದುವೆಮನೆಗೆ ಹೊರಟವಳ ಹಾಗೆ. ಕ್ರಿ.ಪೂ. 700ರ ಸುಮಾರಿನ ಗ್ರೀಕ್ ಕವಿ ಹೆಸಿಯಡ್ ಈ ಕಥೆ ಹೇಳುವಾಗ ಪೆಟ್ಟಿಗೆ ಅನ್ನಲಿಲ್ಲ, ಪಿಥೋಸ್ ಅಂದ. ಅಂದರೆ ಎಣ್ಣೆ, ಕಾಳು, ವೈನು ತುಂಬಿಡುವ ಮಣ್ಣಿನ ಗುಡಾಣ. ಕ್ರೀಟ್ ದ್ವೀಪದ ಕ್ನಾಸೋಸ್ ಅರಮನೆಯಲ್ಲಿ ಆಳೆತ್ತರದ ಇಂಥ ಗುಡಾಣಗಳು ಸಿಕ್ಕಿವೆ. ಪೆಟ್ಟಿಗೆ ಬಂದದ್ದು 16ನೇ ಶತಮಾನದಲ್ಲಿ, ಎರಾಸ್ಮಸ್ ಅನ್ನುವ ವಿದ್ವಾಂಸ ಲ್ಯಾಟಿನ್ನಿನಲ್ಲಿ ಕಥೆ ಬರೆಯುವಾಗ ಪಿಥೋಸ್ ಹೋಗಿ ಪಿಕ್ಸಿಸ್, ಅಂದರೆ ಪುಟ್ಟ ಪೆಟ್ಟಿಗೆ, ಆಯಿತು. ಒಂದು ಪದ ಬದಲಾಗಿದ್ದಕ್ಕೆ ಚಿತ್ರವೇ ಬೇರೆಯಾಯಿತು ನೋಡು. ಪೆಟ್ಟಿಗೆಯಾದರೆ ಬೆರಳ ತುದಿಯಲ್ಲಿ ಕದ್ದು ತೆರೆಯಬಹುದು. ಗುಡಾಣದ ಮುಚ್ಚಳಕ್ಕೆ ಎರಡೂ ಕೈ ಬೇಕು, ಸೊಂಟ ಬಗ್ಗಬೇಕು. ಮನೆಯ ದಿನಸಿ ಇರಬೇಕಾದ ಪಾತ್ರೆಯಿಂದ ರೋಗ, ಕಷ್ಟ ಎಲ್ಲ ಹಾರಿಹೋಗುತ್ತವೆ. ಅವಳು ಮುಚ್ಚಳ ಹಾಕುವ ಹೊತ್ತಿಗೆ ಆಸೆ ಒಂದೇ ಅದರ ಕಂಠದ ಕೆಳಗೆ ಉಳಿಯಿತು ಅನ್ನುತ್ತಾನೆ ಹೆಸಿಯಡ್. ಆ ಕಂಠವನ್ನು ದೊಡ್ಡದಾಗಿ ಬರೆ. ಮುಖ ಬರೆಯಲು ಬರದಿದ್ದರೆ ಬೆನ್ನು ತೋರಿಸು.

ಮೆಡೂಸಾ ಚೆನ್ನಾಗಿದ್ದಾಳೆ. ಜಾಸ್ತಿಯೇ ಚೆನ್ನಾಗಿದ್ದಾಳೆ! ಗುಡಿಯಲ್ಲಿ ಸಮುದ್ರದೇವ ಪೊಸೈಡನ್ ಅವಳ ಮೇಲೆ ಬಲಾತ್ಕಾರ ಮಾಡಿದ, ದೇವತೆ ಅಥೀನಾ ಅವಳ ಕೂದಲನ್ನೇ ಹಾವು ಮಾಡಿದಳು ಅಂತ ಬರೆದಿದ್ದೀಯಲ್ಲ, ಅದು ಓವಿಡ್ ಹೇಳಿದ್ದು. ಅವನು ರೋಮಿನ ಕವಿ, ಹೆಸಿಯಡ್‌ಗಿಂತ ಸುಮಾರು ಏಳುನೂರು ವರ್ಷ ಈಚಿನವನು. ಹೆಸಿಯಡ್‌ನಲ್ಲಿ ಶಾಪವೇ ಇಲ್ಲ. ಮೂವರು ಅಕ್ಕತಂಗಿಯರಲ್ಲಿ ಇವಳೊಬ್ಬಳಿಗೆ ಸಾವಿದೆ, ಅಷ್ಟೆ. ಪೊಸೈಡನ್ ಅವಳ ಜೊತೆ ಮಲಗಿದ್ದು ಹೂ ಬಿಟ್ಟ ಹುಲ್ಲುಗಾವಲಿನಲ್ಲಿ. ಹಳೇ ಮಡಕೆಗಳ ಮೇಲೆ ಅವಳಿಗೆ ಕೋರೆಹಲ್ಲು, ಹೊರಚಾಚಿದ ನಾಲಿಗೆ, ಕೆಲವು ಕಡೆ ಗಡ್ಡ ಕೂಡ! ಉಳಿದವರೆಲ್ಲ ಪಕ್ಕಕ್ಕೆ ಮುಖ ಮಾಡಿದ್ದರೆ ಅವಳೊಬ್ಬಳು ನೆಟ್ಟಗೆ ನಮ್ಮನ್ನೇ ನೋಡುತ್ತಾಳೆ. ನೋಡಿದವರು ಕಲ್ಲಾಗುವ ಕಥೆಗೆ ಅದೇ ಸರಿ, ಅಲ್ವಾ? ನಿನಗೆ ಓವಿಡ್‌ನ ಮೆಡೂಸಾ ಇಷ್ಟವಾದರೆ ಅವಳನ್ನೇ ಇಟ್ಟುಕೋ. 'ಓವಿಡ್ ಹೇಳಿದಂತೆ' ಅಂತ ಒಂದು ಮಾತು ಹಾಕು. 'ಗ್ರೀಕರು ಹೀಗೆ ನಂಬಿದ್ದರು' ಅನ್ನಬೇಡ.

ಇನ್ನು ಏಜಾಕ್ಸ್, ಟ್ರಾಯ್ ಯುದ್ಧದ ಗ್ರೀಕ್ ವೀರ. ಕವರು ಒಡೆದಾಗ ಮೊದಲು ಹುಡುಕಿದ್ದು ಅವನನ್ನೇ, ಯಾಕೆ ಅಂದರೆ ಬಿ.ಎಂ.ಶ್ರೀಯವರ 'ಅಶ್ವತ್ಥಾಮನ್' ನಾಟಕವನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಗ್ರೀಕ್ ನಾಟಕಕಾರ ಸೋಫೋಕ್ಲೀಸನ ಏಜಾಕ್ಸನೇ ಅಲ್ಲಿ ಅಶ್ವತ್ಥಾಮ. ಜೊತೆಯ ವೀರ ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ತನಗೆ ಸಿಗಲಿಲ್ಲ ಅಂತ ಏಜಾಕ್ಸ್ ಕೆರಳುತ್ತಾನೆ. ಅಥೀನಾ ಅವನ ಬುದ್ಧಿ ಕೆಡಿಸುತ್ತಾಳೆ. ಶತ್ರುಗಳು ಅಂದುಕೊಂಡು ದನ ಕುರಿ ಕಡಿಯುತ್ತಾನೆ. ಬುದ್ಧಿ ತಿಳಿಯಾದ ಮೇಲೆ ನಾಚಿಕೆ ತಡೆಯಲಾರದೆ ತನ್ನ ಕತ್ತಿಯ ಮೇಲೇ ಬೀಳುತ್ತಾನೆ. ಶ್ರೀಯವರು ಇದನ್ನು ನಮ್ಮ ಮಹಾಭಾರತಕ್ಕೆ ತಂದಾಗ ಬರೀ ಹೆಸರು ಬದಲಿಸಿ ಸುಮ್ಮನಾಗಲು ಆಗಲಿಲ್ಲ. ಚಿರಂಜೀವಿಯನ್ನೇ ಸಾಯಿಸಬೇಕಾಯಿತು. ಅದಕ್ಕೆ ಆಕ್ಷೇಪಣೆಗಳೂ ಬಂದವು. ನೀನೋ, 'ಜೀಯಸ್ ಅಂದರೆ ನಮ್ಮ ಇಂದ್ರ' ಅಂತ ಒಂದು ಸಾಲಿನಲ್ಲಿ ಕೈ ತೊಳೆದುಕೊಂಡಿದ್ದೀಯ! ಜೀಯಸ್ ಜೀಯಸ್ಸಾಗಿಯೇ ಇರಲಿ ಬಿಡು.

ನಿನ್ನ ಚಿತ್ರದಲ್ಲಿ ಕತ್ತಿ ಎದೆಯಿಂದ ಹೊರಗೆ ಬಂದಿದೆ, ಕೆಂಪು ಬಣ್ಣ ಒಂದು ಟ್ಯೂಬ್ ಖಾಲಿಯಾಗಿರಬೇಕು. ಅಥೆನ್ಸಿನಲ್ಲಿ ಕ್ರಿ.ಪೂ. 6ನೇ ಶತಮಾನದಲ್ಲಿ ಎಕ್ಸೆಕಿಯಸ್ ಅಂತ ಒಬ್ಬ ಮಡಕೆ ಚಿತ್ರಗಾರನಿದ್ದ. ಅವನೂ ಇದೇ ಕಥೆ ಬರೆದಿದ್ದಾನೆ. ಆ ಹೂಜಿ ಈಗ ಫ್ರಾನ್ಸಿನ ಬುಲೋನ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ರಕ್ತವೇ ಇಲ್ಲ. ಏಜಾಕ್ಸ್ ಒಬ್ಬನೇ ಕುಕ್ಕರಗಾಲಲ್ಲಿ ಕೂತು, ಕತ್ತಿಯ ಹಿಡಿಯನ್ನು ಮಣ್ಣಿನಲ್ಲಿ ನೆಡುತ್ತಿದ್ದಾನೆ. ಸಸಿ ನೆಟ್ಟು ಬುಡಕ್ಕೆ ಮಣ್ಣು ಒತ್ತುತ್ತೇವಲ್ಲ, ಹಾಗೆ. ಹಣೆಯಲ್ಲಿ ಗೆರೆ. ಒಂದು ಕಡೆ ಈಚಲಿನಂಥ ಮರ, ಇನ್ನೊಂದು ಕಡೆ ತೆಗೆದಿಟ್ಟ ಗುರಾಣಿ, ಶಿರಸ್ತ್ರಾಣ. ಅಷ್ಟೇ. ನಾಟಕ ಅಷ್ಟು ವರ್ಷ ಪಾಠ ಮಾಡಿದವಳು ನಾನು, ಆ ಕೈ ನೋಡಿ ಮಾತು ಹೊರಡಲಿಲ್ಲ.

ಅವನದೇ ಇನ್ನೊಂದು ಹೂಜಿ ವ್ಯಾಟಿಕನ್ನಿನಲ್ಲಿದೆ. ಅಕಿಲೀಸ್, ಏಜಾಕ್ಸ್ ಇಬ್ಬರೂ ಯುದ್ಧದ ನಡುವೆ ಬಿಡುವು ಮಾಡಿಕೊಂಡು ಮಣೆಯಾಟ ಆಡುತ್ತಿದ್ದಾರೆ. ಭರ್ಜಿ ಕೈಬಿಟ್ಟಿಲ್ಲ. ಅಕಿಲೀಸನ ಬಾಯಿ ಹತ್ತಿರ 'ನಾಲ್ಕು', ಏಜಾಕ್ಸನ ಬಾಯಿ ಹತ್ತಿರ 'ಮೂರು' ಅಂತ ಗ್ರೀಕಿನಲ್ಲಿ ಬರೆದಿದೆ. ಏಜಾಕ್ಸ್ ಸೋಲುತ್ತಿದ್ದಾನೆ. ಚಿತ್ರದೊಳಗೆ ಅಕ್ಷರ ಬರೆದರೆ ಮಕ್ಕಳ ಪುಸ್ತಕದ ಹಾಗಾಗುತ್ತದಾ ಅಂತ ಕೇಳಿದ್ದೀಯಲ್ಲ, ಧಾರಾಳವಾಗಿ ಬರೆ. ಫ್ಲಾರೆನ್ಸಿನ ಮ್ಯೂಸಿಯಂನಲ್ಲಿರುವ, ಚಿತ್ರಗಾರ ಕ್ಲೈಟಿಯಸ್‌ನ ದೊಡ್ಡ ಪಾತ್ರೆಯ ಮೇಲಂತೂ ದೇವರು, ವೀರರ ಹೆಸರು ಬರೆದು ಸಾಲದೆ ನೀರಿನ ಕೊಡಕ್ಕೂ 'ಕೊಡ' ಅಂತ ಹೆಸರು ಹಾಕಿದೆ!

ಆರನೇ ಚಿತ್ರ ನೋಡಿ ಜೋರಾಗಿ ನಕ್ಕೆ, ಅದು ಚೆನ್ನಾಗಿದೆ ಅಂತಲೇ. ಆದರೆ ಕಲಿಕಾಂಜರಿ ಪಿಶಾಚಿಗಳ ಹಿಂದೆ ಜೀಯಸ್ ಯಾಕೆ ಕೂತಿದ್ದಾನೆ? ಅವು ಹಳ್ಳಿಯ ಅಜ್ಜಿಯರ ಕಥೆಯವು, ಕ್ರೈಸ್ತರಾದ ಗ್ರೀಕರವು. ವರ್ಷವಿಡೀ ನೆಲದಡಿ ಲೋಕದ ಮರವನ್ನು ಗರಗಸದಿಂದ ಕೊಯ್ಯುತ್ತಿರುತ್ತವೆ. ಇನ್ನೇನು ಮರ ಬೀಳಬೇಕು, ಕ್ರಿಸ್‌ಮಸ್ ಬರುತ್ತದೆ. ಮೇಲೆ ಬಂದು ಹನ್ನೆರಡು ದಿನ ಜನರಿಗೆ ಕಾಟ ಕೊಡುತ್ತವೆ. ಜನವರಿ 6ಕ್ಕೆ ಪಾದ್ರಿ ತೀರ್ಥ ಚಿಮುಕಿಸಿದಾಗ ಕೆಳಗೆ ಓಡಿಹೋಗಿ ನೋಡಿದರೆ ಮರ ಮತ್ತೆ ಕೂಡಿಕೊಂಡಿರುತ್ತದೆ. ಜೀಯಸ್‌ಗೆ ಇಲ್ಲಿ ಏನೂ ಕೆಲಸವಿಲ್ಲ. ಪುರಾಣದ್ದೊಂದು ಕಟ್ಟು, ಅಜ್ಜಿ ಕಥೆಗಳದ್ದೊಂದು ಕಟ್ಟು ಮಾಡು.

ಅವು ಮನೆಯೊಳಗೆ ಬರದಿರಲಿ ಅಂತ ಬಾಗಿಲಿಗೆ ಜರಡಿ ಇಡುತ್ತಾರೆ, ಅದನ್ನು ನೀನು ಬಿಟ್ಟೇಬಿಟ್ಟಿದ್ದೀಯ. ಪಿಶಾಚಿ ತೂತು ಎಣಿಸಲು ಕೂರುತ್ತದೆ. ಒಂದು, ಎರಡು. ಮೂರು ಪವಿತ್ರ ಸಂಖ್ಯೆ, ಅದರ ಬಾಯಲ್ಲಿ ಬರುವ ಹಾಗಿಲ್ಲ. ಮತ್ತೆ ಒಂದು, ಎರಡು. ಹೀಗೇ ಬೆಳಗಾಗುತ್ತದೆ. ನನಗೆ ನಮ್ಮ ಬಾಗಿಲ ಮೇಲಿನ 'ನಾಳೆ ಬಾ' ನೆನಪಾಯಿತು. ನೆನಪಾಗೋದು ಬೇರೆ, ಎರಡೂ ಒಂದೇ ಅನ್ನೋದು ಬೇರೆ. ನೀನು ಪುಸ್ತಕದಲ್ಲಿ ಅದನ್ನು ಬರೆಯಬೇಕಿಲ್ಲ, ಓದಿದವರಿಗೆ ತಾನೇ ಹೊಳೆಯುತ್ತದೆ.

ಗುಡಾಣದ ಪಂಡೋರಾ ಆದ ಕೂಡಲೇ ಕಳಿಸು. ಏಜಾಕ್ಸನಿಗೆ ನಿಧಾನ ಮಾಡಿದರೂ ಸರಿ. ಜರಡಿಯನ್ನು ಮನಸ್ಸಿನಿಂದ ಬರೆಯಬೇಡ, ಅಮ್ಮನ ಅಡುಗೆಮನೆಯಿಂದ ಒಂದು ತಂದು ಎದುರಿಗೆ ಇಟ್ಟುಕೋ. ತೂತು ಎಣಿಸಲು ಮಾತ್ರ ಕೂರಬೇಡ, ಸೋಮವಾರ ನಿನಗೆ ಪರೀಕ್ಷೆ ಇದೆ.

ನಿನ್ನ
ಚಿಕ್ಕಮ್ಮ