ಕೊರಡು ಹೊಡೆದ ರಾಗಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು "ಈ ರೈತರಿಗೆ ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ ಕಣಪ್ಪ" ಅಂದಾಗ ನಾನು ಹೂಂ ಅಂದು ಸುಮ್ಮನಾದೆ. ಪಕ್ಕದಲ್ಲೇ ಕೂತಿದ್ದ ನಿಮ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅವಳಿಗೆ ನನ್ನದೊಂದು ಕಥೆ ಗೊತ್ತು. ನಿನಗೆ ಇದುವರೆಗೂ ಹೇಳಿಲ್ಲ. ಹೇಳಿಕೊಳ್ಳುವಂಥ ಘನಕಾರ್ಯವೂ ಅಲ್ಲ.

1993ರಲ್ಲಿ ಕೃಷಿ ಸಹಾಯಕನಾಗಿ ಹಾವೇರಿ ಕಡೆ ಹೋದೆ. ಅದಿನ್ನೂ ಧಾರವಾಡ ಜಿಲ್ಲೆಯಲ್ಲೇ ಇದ್ದ ಕಾಲ. ನಾನೋ ಮಂಡ್ಯದವನು. ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಬೆರೆಸಿ ಇಂಡಾಫ್ ತಳಿಗಳನ್ನು ತೆಗೆದ ವಿ.ಸಿ. ಫಾರಂ ನಮ್ಮೂರ ಕಡೆಯದು. ಅವರು ಪಟ್ಟ ಪಾಡಿನಲ್ಲಿ ನನ್ನ ಪಾಲು ಏನೂ ಇರಲಿಲ್ಲ. ಠೇಂಕಾರದಲ್ಲಿ ಮಾತ್ರ ಪೂರ್ತಿ ಪಾಲು ತಗೊಂಡಿದ್ದೆ. ರೊಟ್ಟಿ ತಿನ್ನೋರು ಮುದ್ದೆ ತಿನ್ನೋನಿಗೆ ರಾಗಿ ಬೆಳೆಯೋದು ಹೇಳಿಕೊಡ್ತಾರಾ?

ಒಂದು ದಿನ ಸೈಕಲ್ಲಲ್ಲಿ ಹೋಗುತ್ತಿದ್ದೆ. ಗೇಣುದ್ದ ಬೆಳೆದ ರಾಗಿ ಸಸಿಗಳ ಮೇಲೆ ಒಬ್ಬ ಎತ್ತು ಕಟ್ಟಿ ಮರದ ಕೊರಡು ಎಳೆಸುತ್ತಿದ್ದ. ಸಸಿಗಳೆಲ್ಲ ನೆಲಕ್ಕೆ ಮಲಗಿದ್ದವು. ಜೀವ ಝಲ್ಲೆಂದಿತು. ಸೈಕಲ್ ಬದುವಿಗೆ ಬಿಸಾಕಿ, "ಏಯ್, ನಿಲ್ಸಯ್ಯಾ! ಬೆಳೆ ಹಾಳು ಮಾಡ್ತಿದ್ದೀಯಲ್ಲ!" ಎಂದು ಕೂಗಿದೆ. ಅವನು ಎತ್ತು ನಿಲ್ಲಿಸಿದ. ಅಂತರದ ಲೆಕ್ಕ, ಗೊಬ್ಬರದ ಲೆಕ್ಕ, ನಾನು ಕಲಿತದ್ದನ್ನೆಲ್ಲ ಅಲ್ಲೇ ಒದರಿದೆ. ಅವನು "ಹೌದ್ರೀ ಸಾಹೇಬ್ರ, ಹೌದ್ರೀ" ಅನ್ನುತ್ತ ಕೇಳಿಸಿಕೊಂಡ. ಈಗ ಯೋಚಿಸಿದರೆ, ಆ ಹೊತ್ತಿನಲ್ಲಿ ಕೇಳಿಸಿಕೊಳ್ಳುವುದು ಗೊತ್ತಿದ್ದವನು ಅವನೊಬ್ಬನೇ.

ಬದುವಿನ ಮೇಲೆ ಕೂತಿದ್ದ ಅವನ ತಾಯಿ ಎಲೆಅಡಿಕೆ ಜಗಿಯುತ್ತ ಹೇಳಿದಳು: "ಗಣ್ಣ ಬರೂದ್ರೊಳಗ ಹೊಡಿಬೇಕ್ರೀ. ಈಗ ಬಾಗತೈತಿ, ಮುರಿಯೂದಿಲ್ಲ. ಗಣ್ಣ ಬಂದ ಮ್ಯಾಲ ಹೊಡದ್ರ ನಿಮ್ಮ ಮಾತ ಖರೆ ಆಗತೈತಿ." ಗಣ್ಣ ಅಂದರೆ ಕಾಂಡದ ಗಿಣ್ಣು.

ಅಷ್ಟಕ್ಕೂ ನಾನು ಮಣಿಯಲಿಲ್ಲ. ತಿಂಗಳು ಬಿಟ್ಟು ಹೋದದ್ದು ಕಲಿಯೋಕಲ್ಲ, "ನೋಡಿದ್ರಾ, ನಾ ಹೇಳಿರಲಿಲ್ವಾ" ಅನ್ನೋಕೆ.

ಹೊಲ ನೋಡಿ ಬಾಯಿ ಕಟ್ಟಿತು. ಒಂದೂವರೆ ಅಡಿಗೊಂದು ಗುಳಿ, ಗುಳಿಯಲ್ಲಿ ಎರಡು ಸಸಿ, ಬುಡಕ್ಕೆ ಹಿಡಿ ತಿಪ್ಪೆಗೊಬ್ಬರ. ನಡುವೆ ಕಳೆ ತೆಗೆಯೋ ಎಡೆಕುಂಟೆ ಸಲೀಸಾಗಿ ಓಡಾಡುವಷ್ಟು ಜಾಗ. ಕೊರಡಿಗೆ ಬಾಗಿದ ಸಸಿ ಮೇಲಕ್ಕೆ ಓಡುವುದನ್ನು ಬಿಟ್ಟು ಬುಡದಿಂದ ತೆಂಡೆ, ಅಂದರೆ ಮರಿಕಾಂಡ, ಒಡೆದಿತ್ತು. ಒಂದು ಗುಳಿಯ ಮುಂದೆ ಕೂತು ಎಣಿಸಿದೆ, ಮೂವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. ನಮ್ಮಪ್ಪನ ಹೊಲದಲ್ಲಿ ಹತ್ತು ಒಡೆದರೆ ಹೆಚ್ಚು.

ಆಮೇಲೆ ಅಜ್ಜಿಯ ಹತ್ತಿರ ಕೂತು ಕೇಳಿದೆ: ನಾಟಿಯಾದ ಎಷ್ಟು ದಿನಕ್ಕೆ ಹೊಡೀತೀರಿ, ಎಷ್ಟು ಸಲ, ಉದ್ದಕ್ಕೋ ಅಡ್ಡಕ್ಕೋ, ಕೊರಡು ಎಷ್ಟು ಭಾರ ಇರಬೇಕು. ಭಾರದ ಪ್ರಶ್ನೆಗೆ ಆಕೆ ಕಿಲೋದಲ್ಲಿ ಉತ್ತರ ಕೊಡಲಿಲ್ಲ. ಸಸಿ ಬಾಗಬೇಕು, ಕಿತ್ತು ಬರಬಾರದು, ಅಷ್ಟೇ ಅಂದಳು. ಎಷ್ಟೋ ವರ್ಷಗಳ ಮೇಲೆ ಮಡಗಾಸ್ಕರ್‌ನಿಂದ ಬಂದ, ಭತ್ತ ಬೆಳೆಯೋ 'ಶ್ರೀ' ಪದ್ಧತಿಯ ತರಬೇತಿಯಲ್ಲಿ ಎಳೆ ಸಸಿ, ದೂರ ದೂರ ನಾಟಿ ಎಂದು ಪಾಠ ಮಾಡಿದಾಗ ನನಗೆ ಆ ಬದುವೇ ಕಣ್ಣಿಗೆ ಕಟ್ಟಿತು.

ನೀನು ನನ್ನಷ್ಟು ಒರಟಿಯಲ್ಲ, ಗೊತ್ತು. ಓದಿದ್ದೂ ನನಗಿಂತ ಜಾಸ್ತಿ. ರೈತರು ಹೇಳಿದ್ದೆಲ್ಲ ಸರಿ ಅಂತಲೂ ನಾನು ಅನ್ನೋನಲ್ಲ. ಕಂಡಕಂಡ ಔಷಧಿ ಬೆರೆಸಿ ಹೊಡೆಯೋರನ್ನು ನೀನು ಬಯ್ಯಲೇಬೇಕು. ಆದರೆ ಒಂದು ಸಲ ಜೀಪಿಂದಿಳಿದು, ಹೇಳೋದಕ್ಕೆ ಮುಂಚೆ ಅವರ ಬದುವಿನ ಮೇಲೆ ಅರ್ಧ ಗಂಟೆ ಕೂತುಬಾ.

ನಿನ್ನೆ ಅಟ್ಟದಲ್ಲಿ ಆ ವರ್ಷದ ಟೂರ್ ಡೈರಿ ಸಿಕ್ಕಿತು. ಅಜ್ಜಿಯ ಬಳಿ ಪಾಠ ಹೇಳಿಸಿಕೊಂಡ ದಿನದ ಪುಟ ತೆರೆದೆ. ಆಕೆಯ ಹೆಸರಿಲ್ಲ. ಮಗನ ಹೆಸರೂ ಇಲ್ಲ. ನನ್ನ ದುಂಡು ಅಕ್ಷರದಲ್ಲಿ ಒಂದೇ ಸಾಲಿದೆ: "ಗುಳಿ ರಾಗಿ ಬೇಸಾಯದ ಬಗ್ಗೆ ರೈತರಿಗೆ ಮಾಹಿತಿ ನೀಡಲಾಯಿತು."

ನಿನ್ನ
ಅಪ್ಪ