ಮಾರ್ಚ್‌ನಲ್ಲಿ ಹಾಕಿದ ಲಸಿಕೆ, ಜುಲೈನಲ್ಲಿ ತಯಾರಾದ ಸ್ಟಿಕ್ಕರ್: ಪಶು ಕ್ಲಿನಿಕ್‌ಗೆ ಒಂದು ದೂರು

ಇವರಿಗೆ,
ವ್ಯವಸ್ಥಾಪಕರು ಮತ್ತು ಮುಖ್ಯ ಪಶುವೈದ್ಯರು,
ಸಾಕುಪ್ರಾಣಿಗಳ ಕ್ಲಿನಿಕ್, ಮೈಸೂರು

ವಿಷಯ: ನಮ್ಮ ನಾಯಿ ಕೆಂಪಿಯ ರೇಬಿಸ್ ಲಸಿಕೆ ಮತ್ತು ಅದರ ಕಾರ್ಡಿಗೆ ಆಮೇಲೆ ಅಂಟಿಸಿದ ಸ್ಟಿಕ್ಕರ್ ಬಗ್ಗೆ ದೂರು

ಮಾನ್ಯರೇ,

2024ರ ಮಾರ್ಚ್ 14ರಂದು ಕೆಂಪಿಗೆ ನಿಮ್ಮಲ್ಲಿ ರೇಬಿಸ್ ಲಸಿಕೆ ಹಾಕಲಾಗಿದೆ ಎಂದು ಅದರ ಕಾರ್ಡಿನಲ್ಲಿ ಬರೆದಿದೆ. ಅದರ ಪಕ್ಕದಲ್ಲಿ ಈಗ ಒಂದು ಸ್ಟಿಕ್ಕರ್ ಇದೆ. ಆ ಸ್ಟಿಕ್ಕರ್ ನೋಡಿದರೆ ಲಸಿಕೆ ತಯಾರಾಗಿದ್ದು 2024ರ ಜುಲೈನಲ್ಲಿ. ಜುಲೈನಲ್ಲಿ ತಯಾರಾದ ಔಷಧಿಯನ್ನು ಮಾರ್ಚ್‌ನಲ್ಲಿ ಹೇಗೆ ಚುಚ್ಚಿದಿರಿ? ಕೆಂಪಿಗೆ ಅವತ್ತು ಹಾಕಿದ್ದು ಏನು? ಈ ಪ್ರಶ್ನೆಯನ್ನು ಕೌಂಟರಿನಲ್ಲಿ ಕೇಳಿದೆ, ಫೋನಿನಲ್ಲಿ ಕೇಳಿದೆ. ಉತ್ತರ ಸಿಗಲಿಲ್ಲ. ಅದಕ್ಕೇ ಬರೆದು ಕೇಳುತ್ತಿದ್ದೇನೆ.

ಈ ಸ್ಟಿಕ್ಕರ್ ಹೇಗೆ ಬಂತು ಎಂದು ನಿಮಗೆ ಗೊತ್ತಿಲ್ಲದೆ ಇರಬಹುದು, ಹೇಳುತ್ತೇನೆ. ಈ ಜನವರಿಯಲ್ಲಿ ಪಕ್ಕದ ಮನೆಯ ಹುಡುಗ ನಮ್ಮ ಕಾಂಪೌಂಡಿನಲ್ಲಿ ಚೆಂಡಾಡುತ್ತಿದ್ದ. ಕೆಂಪಿಯೂ ಅದೇ ಚೆಂಡಿಗೆ ಹಾರಿತು. ಅದರ ಹಲ್ಲು ಹುಡುಗನ ಮುಂಗೈಗೆ ತಾಗಿ ಗೀರು ಬಿತ್ತು. ರಕ್ತ ಬರಲಿಲ್ಲ. ಸೋಪು ಹಾಕಿ ನಲ್ಲಿ ನೀರಿನಡಿ 15 ನಿಮಿಷ ತೊಳೆದೆವು. ಅವನ ಅಮ್ಮ ಬೈಯಲಿಲ್ಲ, ಜಗಳವಾಡಲಿಲ್ಲ. ಒಂದೇ ಒಂದು ಮಾತು ಕೇಳಿದರು: 'ಅಕ್ಕಾ, ಇದಕ್ಕೆ ಇಂಜೆಕ್ಷನ್ ಹಾಕ್ಸಿದೀರ ಅಲ್ವಾ?' 'ಹಾಕ್ಸಿದೀನಿ' ಎಂದು ಕಾರ್ಡ್ ತಂದು ಕೈಗೆ ಕೊಟ್ಟೆ. ಆ ಕಾರ್ಡಿನಲ್ಲಿ ರೇಬಿಸ್ ಎಂಬ ಸಾಲಿನ ಎದುರು ತಾರೀಕು ಇತ್ತು, ಒಂದು ಗೀಚಿದ ಸಹಿ ಇತ್ತು. ಬ್ಯಾಚ್ ನಂಬರ್ ಇಲ್ಲ, ಕಂಪನಿ ಹೆಸರಿಲ್ಲ, ಎಕ್ಸ್‌ಪೈರಿ ಇಲ್ಲ, ಡಾಕ್ಟರ ಸೀಲೂ ಇಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕಾರ್ಡನ್ನು ತಿರುಗಿಸಿ ನೋಡಿ, 'ಇದನ್ನ ನಂಬ್ಕೊಂಡು ಮಗೂನ ಬಿಡಕ್ಕಾಗಲ್ಲ' ಎಂದರು. ಚರ್ಮದ ಪದರದೊಳಗೆ ಕೊಡುವ ಲಸಿಕೆ ಶುರುವಾಯಿತು: ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಕಾರ್ಡ್ ಸರಿಯಾಗಿದ್ದರೂ ಅವರು ಇದನ್ನೇ ಮಾಡುತ್ತಿದ್ದರೇನೋ. ಅದು ಅವರ ತೀರ್ಮಾನ, ಅದರಲ್ಲಿ ತಪ್ಪು ಹುಡುಕುವುದಿಲ್ಲ. ಆದರೆ ನಾಯಿಯ ಮೇಲೆ 10 ದಿನ ಕಣ್ಣಿಡಿ ಎಂದು ಅವರು ಹೇಳಿದ ಮೇಲೆ ಎರಡು ಮನೆಯವರೂ ಹೇಗೆ ದಿನ ದೂಡಿದೆವು ಎಂದು ನಿಮಗೆ ಗೊತ್ತಾಗಬೇಕು. ಕೆಂಪಿ ನೀರು ಕುಡಿಯಿತಾ, ಊಟ ಬಿಟ್ಟಿತಾ, ಸುಮ್ನೆ ಮೂಲೆಯಲ್ಲಿ ಮಲಗಿತಾ ಎಂದು ಗೇಟಿನ ಆಚೆಯಿಂದ ಆ ತಾಯಿ ದಿನಾ ಕೇಳುತ್ತಿದ್ದರು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸಲು ಮದ್ದಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಹುಡುಗನೂ ಕೆಂಪಿಯೂ ಈಗ ಚೆನ್ನಾಗಿದ್ದಾರೆ.

ಆ ಗಡಿಬಿಡಿಯ ನಡುವೆಯೇ ನಾನು ನಿಮ್ಮ ಕ್ಲಿನಿಕ್‌ಗೆ ಬಂದೆ. ಲಸಿಕೆಯ ಬ್ಯಾಚ್ ನಂಬರ್ ಕೊಡಿ, ನಿಮ್ಮ ರಿಜಿಸ್ಟರ್ ನೋಡಿ ಬರೆದುಕೊಡಿ ಎಂದೆ. ಕೌಂಟರಿನಲ್ಲಿದ್ದ ಹುಡುಗ, 'ಸ್ಟಿಕ್ಕರ್ ತಾನೇ ಮೇಡಂ, ಕೊಡಿ' ಎಂದು ಕಾರ್ಡ್ ಇಸಿದುಕೊಂಡ. ಕೆಳಗಿನ ಡ್ರಾಯರ್ ಎಳೆದ. ಅದರಲ್ಲಿ ಒಂದು ಬಟರ್ ಪೇಪರಿನ ಮೇಲೆ ಹತ್ತಾರು ಸ್ಟಿಕ್ಕರ್‌ಗಳನ್ನು ಸಾಲಾಗಿ ಅಂಟಿಸಿಟ್ಟಿದ್ದರು. ಒಂದನ್ನು ಉಗುರಿನಿಂದ ಎಬ್ಬಿಸಿ, ಕಾರ್ಡಿಗೆ ಹಾಕಿ, ಹೆಬ್ಬೆರಳಿನಿಂದ ಒತ್ತಿ, 'ಆಯ್ತು ಮೇಡಂ' ಎಂದು ವಾಪಸ್ ಕೊಟ್ಟ. ರಿಜಿಸ್ಟರ್ ತೆರೆಯಲೇ ಇಲ್ಲ. ಯಾವ ನಾಯಿ, ಯಾವ ತಾರೀಕು ಎಂದೂ ಕೇಳಲಿಲ್ಲ. ಮನೆಗೆ ಬಂದು ಭೂತಗನ್ನಡಿ ಹಿಡಿದು ನೋಡಿದಾಗಲೇ ಆ 07/2024 ಕಂಡಿದ್ದು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಂಬಳಕ್ಕೆ ಕೆಲಸ ಮಾಡುವವನು, ಕಲಿಸಿದ್ದನ್ನು ಮಾಡಿದ. ಹಾಗೆ ಸ್ಟಿಕ್ಕರ್ ಕೂಡಿಡಲು ಕಲಿಸಿದ್ದು ಯಾರು? ಬಾಟಲಿಯ ಮೇಲಿನ ಸ್ಟಿಕ್ಕರ್ ಇರುವುದು ಕಾರ್ಡಿನ ಅಂದಕ್ಕಲ್ಲ. ನಾಳೆ ಯಾವುದೋ ಬ್ಯಾಚಿನಲ್ಲಿ ದೋಷ ಬಂದರೆ, ಅಥವಾ ಲಸಿಕೆ ಹಾಕಿದ ಮೇಲೆ ನಾಯಿಯ ಮುಖ ಊದಿಕೊಂಡರೆ, ಯಾವ ಬಾಟಲಿ ಎಂದು ಹುಡುಕಲು ಇರುವ ಒಂದೇ ದಾರಿ ಅದು. ಬಾಟಲಿಯಿಂದ ಕಿತ್ತು ಆಗಲೇ ಕಾರ್ಡಿಗೆ ಹಾಕಿದರೆ ಮಾತ್ರ ಅದಕ್ಕೆ ಅರ್ಥ. ನಿಮ್ಮ ಡ್ರಾಯರಿನಲ್ಲಿದ್ದ ಸ್ಟಿಕ್ಕರ್‌ಗಳು ಅಷ್ಟು ನಾಯಿಗಳ ಕಾರ್ಡಿನಲ್ಲಿ ಇರಬೇಕಾಗಿದ್ದವು. ಆ ನಾಯಿಗಳ ಮನೆಯವರ ಕೈಯಲ್ಲಿ ಈಗ ನನ್ನ ಹಾಗೇ ಖಾಲಿ ಕಾರ್ಡ್ ಇದೆ ಅಲ್ವಾ?

ಅವತ್ತೇ ಯಾಕೆ ಕೇಳಲಿಲ್ಲ ಎಂದು ನೀವು ಹೇಳಬಹುದು. ಕೇಳಿದ್ದೆ. 'ಸ್ಟಿಕ್ಕರ್ ಆಮೇಲೆ ಹಾಕ್ತೀವಿ, ಮುಂದಿನ ಸಲ ಕಾರ್ಡ್ ತನ್ನಿ' ಎಂದಿದ್ದರು. ಮುಂದಿನ ಸಲವೂ ಅದೇ ಮಾತು. ಸಿರಿಂಜ್ ಕೂಡ ಒಳಗಿನ ರೂಮಿನಲ್ಲೇ ತುಂಬಿಕೊಂಡು ಬಂದಿತ್ತು. ಬಾಟಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಚುಚ್ಚಿದ್ದು ಡಾಕ್ಟರಲ್ಲ, ಸಹಾಯಕರು. ಡಾಕ್ಟರು ಆಪರೇಷನ್‌ನಲ್ಲಿದ್ದಾರೆ ಎಂದರು. ಸಹಿ ಯಾರದ್ದು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯಕೀಯ ಸರ್ಟಿಫಿಕೇಟಿಗೆ ಸಹಿ ಹಾಕುವ ಅಧಿಕಾರ ಇರುವುದು ನೋಂದಾಯಿತ ಪಶುವೈದ್ಯರಿಗೆ. ಹಾಗಿರುವಾಗ ನೋಂದಣಿ ಸಂಖ್ಯೆಯೇ ಇಲ್ಲದ ಈ ಗೀಚು ಏನು?

ಇನ್ನು ನಿಮ್ಮ ಫ್ರಿಜ್. ಕೌಂಟರಿನ ಹಿಂದೆಯೇ ಇದೆ, ಬಂದವರಿಗೆಲ್ಲ ಕಾಣುತ್ತದೆ. ಲಸಿಕೆಯ ಡಬ್ಬಿಗಳು ಬಾಗಿಲಿನ ಖಾನೆಯಲ್ಲಿವೆ, ಕುಡಿಯುವ ನೀರಿನ ಬಾಟಲಿಗಳ ಪಕ್ಕದಲ್ಲಿ. ಯಾರಾದರೂ ನೀರು ತೆಗೆದಾಗಲೆಲ್ಲ ಬಾಗಿಲಿನ ಜೊತೆ ಲಸಿಕೆಯೂ ಹೊರಗಿನ ಬಿಸಿಗೆ ಬರುತ್ತದೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಅದಕ್ಕಿಂತ ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಕೆಟ್ಟಿದೆ ಎಂದು ಬಣ್ಣ, ವಾಸನೆ ನೋಡಿ ಹೇಳುವ ಹಾಗೂ ಇಲ್ಲ. ಆ ಫ್ರಿಜ್ಜಿನಲ್ಲಿ ಥರ್ಮಾಮೀಟರ್ ನನಗೆ ಕಾಣಲಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ 'ಬೇಗ ಬಂದ್ಬಿಡತ್ತೆ ಮೇಡಂ' ಎಂಬ ಉತ್ತರ ಬಂತು.

ಫೋನಿನಲ್ಲಿ ಮಾತಾಡಿದ ನಿಮ್ಮ ಸಿಬ್ಬಂದಿ ಹೇಳಿದ್ದು: 'ನಾಯಿ ಆರೋಗ್ಯವಾಗೇ ಇದೆಯಲ್ಲ ಮೇಡಂ, ಮತ್ಯಾಕೆ ಟೆನ್ಷನ್?' ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾಗಿದ್ದು ಈ ಮಾತಿಗೆ. ಜ್ವರಕ್ಕೆ ಔಷಧಿ ಕೊಟ್ಟರೆ, ಜ್ವರ ಇಳಿಯಿತೋ ಇಲ್ಲವೋ ನೋಡಿ ತಿಳಿಯಬಹುದು. ಲಸಿಕೆ ಹಾಗಲ್ಲ. ಲಸಿಕೆ ಹಾಕಿಸಿಕೊಂಡ ನಾಯಿ, ಬರೀ ನೀರು ಚುಚ್ಚಿಸಿಕೊಂಡ ನಾಯಿ, ಎರಡೂ ಒಂದೇ ಥರ ಬಾಲ ಅಲ್ಲಾಡಿಸುತ್ತವೆ. ರೋಗ ಬರುವ ತನಕ ವ್ಯತ್ಯಾಸ ಕಾಣುವುದೇ ಇಲ್ಲ. ಹಾಗಾಗಿ ನಾನು ನಂಬಬೇಕಾಗಿರುವುದು ನಾಯಿಯ ಮುಖವನ್ನಲ್ಲ, ನಿಮ್ಮ ಬರವಣಿಗೆಯನ್ನು. ಅದೇ ಸುಳ್ಳಾದರೆ ನನ್ನ ಹತ್ತಿರ ಬೇರೆ ಏನೂ ಉಳಿಯುವುದಿಲ್ಲ.

ಅನುಮಾನ ಒಂದು ಸಲ ಹುಟ್ಟಿತಲ್ಲ, ಕಾರ್ಡಿನ ಉಳಿದ ಸಾಲುಗಳನ್ನೂ ನೋಡಿದೆ. ತೂಕದ ಕಾಲಂನಲ್ಲಿ ಮಾರ್ಚ್‌ನಿಂದ ಅಕ್ಟೋಬರ್ ತನಕ ಎಲ್ಲ ಸಲವೂ 6 ಕೆ.ಜಿ. ಎಂದೇ ಇದೆ. ಮಾರ್ಚ್‌ನಲ್ಲಿ ಕೆಂಪಿ ಮರಿ. ಈಗ ಬೇರೆ ಕಡೆ ತೂಗಿಸಿದರೆ 17 ಕೆ.ಜಿ. ನಿಮ್ಮಲ್ಲಿ ತೂಕದ ಯಂತ್ರ ಇಲ್ಲವೆಂದಲ್ಲ. ಬಾಗಿಲ ಹತ್ತಿರವೇ ಇದೆ, ಅದರ ಮೇಲೆ ಶಾಂಪೂ ಡಬ್ಬಿಗಳ ಕಾರ್ಟನ್ ಪೇರಿಸಿದ್ದೀರಿ. ಜಂತುಹುಳದ ಮಾತ್ರೆಯನ್ನು ತೂಕ ನೋಡಿ ಕೊಡಬೇಕು. ನೀವು ಕೊಟ್ಟ ಮಾತ್ರೆಯ ಪಟ್ಟಿಯ ಮೇಲೇ 10 ಕೆ.ಜಿ.ಗೆ ಒಂದು ಎಂದು ಬರೆದಿದೆ. ಅಕ್ಟೋಬರಿನಲ್ಲೂ 6 ಕೆ.ಜಿ. ಲೆಕ್ಕದಲ್ಲೇ ಕೊಟ್ಟಿದ್ದೀರಿ ಎಂದರೆ ಹುಳ ಸತ್ತಿರುವುದು ಅನುಮಾನ. ಈ ಹುಳಗಳಲ್ಲಿ ಕೆಲವು ಮಕ್ಕಳಿಗೂ ಬರುತ್ತವೆ, ನಿಮಗೆ ನಾನು ಹೇಳಬೇಕಾಗಿಲ್ಲ.

ರಕ್ತ ಹೀರುವ ಉಣ್ಣಿಯ ತಪಾಸಣೆಯೂ ಅಷ್ಟೇ. ಕಾರ್ಡಿನಲ್ಲಿ 'ಇಲ್ಲ' ಎಂದು ಬರೆದಿದ್ದೀರಿ. ಕಿವಿ ಮಡಚಿ ನೋಡಲಿಲ್ಲ, ಬೆರಳ ಸಂದು ಬಿಡಿಸಿ ನೋಡಲಿಲ್ಲ.

ಇದಕ್ಕೆಲ್ಲ ನಾನು 5,500 ರೂಪಾಯಿ ಕೊಟ್ಟಿದ್ದೇನೆ, ನಿಮ್ಮ ವರ್ಷದ ಆರೋಗ್ಯ ಪ್ಯಾಕೇಜಿಗೆ. ಲಸಿಕೆ, ಜಂತು ಮಾತ್ರೆ, ಪ್ರತಿ ಸಲ ಡಾಕ್ಟರ ತಪಾಸಣೆ, ಹಲ್ಲು ನೋಡುವುದು, ಮೊಬೈಲ್‌ಗೆ ನೆನಪಿನ ಸಂದೇಶ, ಎಲ್ಲವೂ ಸೇರಿ ಎಂದು ರಸೀದಿಯ ಹಿಂದೆ ಅಚ್ಚಾಗಿದೆ. ಸಂದೇಶಗಳೇನೋ ಬರುತ್ತವೆ. ಕೆಂಪಿಗೆ ಹುಟ್ಟುಹಬ್ಬದ ಶುಭಾಶಯ ಬಂತು. ದಸರಾ ಆಫರಿನಲ್ಲಿ ಸ್ನಾನ ಮತ್ತು ಉಗುರು ಕತ್ತರಿಸುವುದು ಅರ್ಧ ಬೆಲೆಗೆ ಎಂದು ಬಂತು. ಜಂತು ಮಾತ್ರೆಯ ತಾರೀಕು ದಾಟಿದರೂ ಅದರ ಬಗ್ಗೆ ಮಾತ್ರ ಒಂದೂ ಬರಲಿಲ್ಲ.

ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕ್ಲಿನಿಕ್ ನಿಮ್ಮ ಕೈಗೆ ಬರುವ ಮುಂಚೆ ಇಲ್ಲಿದ್ದ ಹಿರಿಯ ಡಾಕ್ಟರು ನಮ್ಮ ಹಳೆಯ ನಾಯಿಯನ್ನು ನೋಡುತ್ತಿದ್ದರು. ಥರ್ಮೋಕೋಲ್ ಡಬ್ಬಿಯಿಂದ ಬಾಟಲಿ ತೆಗೆದು, 'ನೋಡಮ್ಮಾ, ತಾರೀಕು ಓದು' ಎಂದು ನನ್ನ ಕೈಗೇ ಕೊಡುತ್ತಿದ್ದರು. ಡಿಸ್ಟೆಂಪರ್, ಪಾರ್ವೊ ಎಂಬ ನಾಯಿ ರೋಗಗಳ ಲಸಿಕೆಯ ಪುಡಿಗೆ ನೀರು ಬೆರೆಸುವುದೂ ನಮ್ಮೆದುರಿಗೇ, ಬೆರೆಸಿದ ತಕ್ಷಣ ಚುಚ್ಚುವುದು. ಗಿಣ್ಣು ಹಾಲಿನಿಂದ ಬಂದ ತಾಯಿಯ ರೋಗನಿರೋಧಕ ಶಕ್ತಿ ಮರಿಯಲ್ಲಿ ಇರುವಷ್ಟು ದಿನ ಲಸಿಕೆ ಹತ್ತುವುದಿಲ್ಲ, ಅದಕ್ಕೇ ಕೊನೆಯ ಡೋಸು 16 ವಾರ ತುಂಬಿದ ಮೇಲೆ ಬೇಕು ಎಂದು ಹೇಳಿಕೊಟ್ಟವರು ಅವರು. ಕೆಂಪಿಗೆ ನೀವು 12 ವಾರಕ್ಕೇ ಕೋರ್ಸ್ ಮುಗಿಸಿದ್ದೀರಿ. ಯಾಕೆ ಎಂದು ಅದನ್ನೂ ತಿಳಿಸಿ. ಆ ಡಾಕ್ಟರ ಬಳಿ ಎಸಿ ಇರಲಿಲ್ಲ, ಪ್ಯಾಕೇಜೂ ಇರಲಿಲ್ಲ. ಸ್ಟಿಕ್ಕರ್ ಇತ್ತು.

ಈಗ ನನಗೆ ಬೇಕಾಗಿರುವುದನ್ನು ಹೇಳುತ್ತೇನೆ. ಮಾರ್ಚ್ 14ರಂದು ಕೆಂಪಿಗೆ ಹಾಕಿದ ಲಸಿಕೆಯ ಕಂಪನಿ, ಬ್ಯಾಚ್, ಎಕ್ಸ್‌ಪೈರಿ ಮತ್ತು ಅದನ್ನು ಖರೀದಿಸಿದ ಬಿಲ್ಲಿನ ಪ್ರತಿ ಕೊಡಿ. ಚುಚ್ಚಿದವರು ಯಾರು, ಸಹಿ ಯಾರದ್ದು, ಅವರ ನೋಂದಣಿ ಸಂಖ್ಯೆ ಏನು ಎಂದು ಬರೆದು ತಿಳಿಸಿ. ದಾಖಲೆ ಇಲ್ಲದಿದ್ದರೆ ಇಲ್ಲ ಎಂದೇ ಬರೆದುಕೊಡಿ. ಇನ್ನೊಂದು ಸ್ಟಿಕ್ಕರ್ ಮಾತ್ರ ಬೇಡ. ಜುಲೈನ ಆ ಸ್ಟಿಕ್ಕರ್ ಇರುವ ಕಾರ್ಡಿನ ಫೋಟೋ ಮತ್ತು ರಸೀದಿಯ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ಮೂಲ ಕಾರ್ಡನ್ನು ನಿಮ್ಮ ಕೌಂಟರಿಗೆ ಕೊಡುವುದಿಲ್ಲ.

ಕೆಂಪಿಗೆ ರೇಬಿಸ್ ಲಸಿಕೆಯನ್ನೂ ಹಲವು ರೋಗಗಳಿಗೆ ಒಟ್ಟಿಗೆ ಕೊಡುವ ಸಂಯುಕ್ತ ಲಸಿಕೆಯನ್ನೂ ಬೇರೆ ಪಶುವೈದ್ಯರ ಬಳಿ ಹೊಸದಾಗಿ ಹಾಕಿಸುತ್ತಿದ್ದೇನೆ. ಅದರ ಖರ್ಚನ್ನೂ ಪ್ಯಾಕೇಜಿನ ಪೂರ್ತಿ ಹಣವನ್ನೂ ವಾಪಸ್ ಕೊಡಬೇಕು. ಹಣಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಡ್ರಾಯರಿನ ಸ್ಟಿಕ್ಕರ್‌ಗಳಿಗೆ ಸೇರಿದ ನಾಯಿ, ಬೆಕ್ಕುಗಳ ಮನೆಯವರಿಗೆ ನೀವೇ ಫೋನ್ ಮಾಡಿ ತಿಳಿಸಬೇಕು, ಬೇಕೆಂದವರಿಗೆ ದುಡ್ಡು ತೆಗೆದುಕೊಳ್ಳದೆ ಮತ್ತೆ ಲಸಿಕೆ ಹಾಕಬೇಕು. ಹುಟ್ಟುಹಬ್ಬದ ಸಂದೇಶ ಕಳಿಸಲು ಅವರೆಲ್ಲರ ನಂಬರ್ ನಿಮ್ಮ ಹತ್ತಿರ ಇದ್ದೇ ಇದೆ. ಲಸಿಕೆಗೆ ಬೇರೆ ಫ್ರಿಜ್ ಇಡಿ, ಅದರಲ್ಲಿ ಥರ್ಮಾಮೀಟರ್ ಇಡಿ, ದಿನಕ್ಕೆ ಎರಡು ಸಲ ನೋಡಿ ಬರೆದಿಡಿ. ತೂಕದ ಯಂತ್ರದ ಮೇಲಿನ ಶಾಂಪೂ ಇವತ್ತೇ ಇಳಿಸಬಹುದು, ಅದಕ್ಕೆ ಖರ್ಚೇನೂ ಇಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರಬೇಕು. ಬರದಿದ್ದರೆ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ದೂರು ಕೊಡುತ್ತೇನೆ, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, 2019ರ ಗ್ರಾಹಕರ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಹೆದರಿಸಲು ಹೇಳುತ್ತಿಲ್ಲ. ಪಕ್ಕದ ಮನೆಯವರೂ ತಮ್ಮ ಹೇಳಿಕೆ ಬರೆದುಕೊಡಲು ಒಪ್ಪಿದ್ದಾರೆ.

ಫೋನ್ ಮಾಡಿ ಸಮಾಧಾನ ಹೇಳುವುದು ಬೇಡ. ಉತ್ತರವನ್ನು ರಸೀದಿಯಲ್ಲಿರುವ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ.

ಇಂತಿ,
ಕೆಂಪಿಯ ಮನೆಯವರು
ಮೈಸೂರು

ಲಗತ್ತು: ಲಸಿಕೆ ಕಾರ್ಡಿನ ಎರಡೂ ಬದಿಯ ಫೋಟೋ, ಪ್ಯಾಕೇಜಿನ ರಸೀದಿ, ಬೇರೆ ಕಡೆ ತೂಗಿಸಿದ ತೂಕದ ಚೀಟಿ