ಪಿಎಚ್‌ಡಿ ಆಯ್ತು, ಬೀದರ್ ಅಕ್ಕನಿಗೆ ಮೊದಲ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಪಿಎಚ್‌ಡಿ ನೋಟಿಫಿಕೇಶನ್ ಬಂತು. ಫೋನ್ ಮಾಡಿದವರ ಜೊತೆ ಸರಿಯಾಗಿ ಮಾತಾಡೋಕಾಗ್ಲಿಲ್ಲ, ಗಂಟಲು ಕಟ್ಕೊಂಡ್ಬಿಡ್ತಿತ್ತು, ಅದಕ್ಕೆ ಇಲ್ಲಿ ಬರೀತಿದೀನಿ.

ನಮ್ಮ ಕಡೆಯ ಜನಪದ ಮಹಾಕಾವ್ಯ ಮಂಟೇಸ್ವಾಮಿ ಕಾವ್ಯಾನ ಹಾಡೋ ನೀಲಗಾರರ ಮೇಲೆ ನನ್ನ ಕೆಲಸ ಅಂತ ನಿಮಗೆ ಗೊತ್ತೇ ಇದೆ. ಚಾಮರಾಜನಗರದ ಕಡೆಯವಳು ನಾನು, ತಂಬೂರಿ ಗಗ್ಗರದ ಸದ್ದು ಕೇಳ್ಕೊಂಡೇ ಬೆಳೆದಿದ್ದು. ಚಿಕ್ಕಲ್ಲೂರು ಜಾತ್ರೇಲಿ ಅಪ್ಪನ ತೊಡೆ ಮೇಲೆ ನಿದ್ದೆಗಣ್ಣಲ್ಲಿ ಕೇಳ್ತಿದ್ದ ಹಾಡನ್ನ ಯೂನಿವರ್ಸಿಟೀಲಿ ಕೂತು ಓದಬೋದು, ಅದಕ್ಕೆ ಡಾಕ್ಟರೇಟೂ ಕೊಡ್ತಾರೆ ಅನ್ನೋದು ಅಪ್ಪಂಗೆ ಕೊನೆವರೆಗೂ ಆಶ್ಚರ್ಯನೇ. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯ, ಕುವೆಂಪು ಮಾನಸಗಂಗೋತ್ರಿ ಅಂತ ಹೆಸರಿಟ್ಟ ಕ್ಯಾಂಪಸ್ಸು, ಅಲ್ಲಿ ನಮ್ಮೂರ ಹಾಡುಗಾರರ ಮಾತಿಗೂ ಜಾಗ ಇದೆ. ನಮ್ಮಂಥವರು ಫೀಸ್ ಕಟ್ಟಿ ಓದೋಕಾಗಿದ್ದು ಅದು ಸರ್ಕಾರಿ ಯೂನಿವರ್ಸಿಟಿ ಆಗಿದ್ರಿಂದ. ಇದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ.

ಗೈಡ್ ಮೇಡಂ, ಡಿಪಾರ್ಟ್‌ಮೆಂಟಿನ ಗುರುಗಳು, ಲೈಬ್ರರಿಯವರು, ರಾತ್ರಿ ಲೇಟಾದ್ರೂ ಊಟ ಎತ್ತಿಡ್ತಿದ್ದ ಮೆಸ್ ಅಣ್ಣ, ನುಡಿ ಫಾಂಟಿನಿಂದ ಯೂನಿಕೋಡಿಗೆ ಹಾಕಿದಾಗ ಒಡೆದುಹೋದ ಅಕ್ಷರಗಳನ್ನ ಪುಟ ಪುಟ ಕೂತು ಸರಿ ಮಾಡಿದ ಡಿಟಿಪಿ ಅಣ್ಣ, ಎಲ್ರಿಗೂ ಶರಣು.

ಈಗ ಬೀದರ್ ಅಕ್ಕ. ಹೆಸರು ಹಾಕ್ಬ್ಯಾಡ ಅಂದಿದಾಳೆ, ಹಾಕಲ್ಲ. ಹಾಸ್ಟೆಲಲ್ಲಿ ನನ್ನ ಪಕ್ಕದ ರೂಮು, ಕೆಮಿಸ್ಟ್ರಿ ಸ್ಕಾಲರು.

ಅಪ್ಪನ್ನ ಆಸ್ಪತ್ರೆಗೆ ಸೇರಿಸಿದ ಆ ರಾತ್ರಿ ಏನಾಯ್ತು ಅಂತ ಮತ್ತೆ ಬರಿಯಲ್ಲ. ನಾನು ಫೋನ್ ಮಾಡಿದ್ದು ಅಕ್ಕನಿಗೆ ಒಬ್ಬಳಿಗೇ, ಲ್ಯಾಬಲ್ಲಿ ರಿಯಾಕ್ಷನ್ ಇಟ್ಟಿದ್ಲಂತೆ, ಅದನ್ನ ಜೂನಿಯರ್‌ಗೆ ಒಪ್ಪಿಸಿ ಆಟೋ ಹಿಡ್ಕೊಂಡು ಬಂದ್ಲು, ಬರೋವಾಗ್ಲೇ ಹಾಸ್ಟೆಲ್ ಹುಡುಗೀರಿಗೆಲ್ಲ ಫೋನ್ ಮಾಡಿ ಯಾರ್ದು ಯಾವ ಬ್ಲಡ್ ಗ್ರೂಪು ಅಂತ ಬರ್ಕೊಂಡಿದ್ಲು. ಧೈರ್ಯ ತಗೋ, ಎಲ್ಲ ಸರಿಹೋಗತ್ತೆ ಅಂತ ಒಂದು ಸಲನೂ ಹೇಳ್ಲಿಲ್ಲ. ಅವ್ವನ ಪಕ್ಕ ನೆಲದ ಮೇಲೆ ಕೂತು ಕೈ ಹಿಡ್ಕೊಂಡ್ಲು. ಅವಳ ಬೀದರ್ ಕನ್ನಡ ಅವ್ವಂಗೆ ಅರ್ಧ ತಿಳಿಯಲ್ಲ, ಅವ್ವನ ಮಾತು ಅವಳಿಗೆ ಅರ್ಧ ತಿಳಿಯಲ್ಲ, ಆದ್ರೂ ಬೆಳಗಿನವರೆಗೂ ಇಬ್ರೂ ಮಾತಾಡ್ತಾನೇ ಇದ್ರು.

ಡಾಕ್ಟರ್ ಹೊರಗೆ ಬಂದು ಹೇಳಿದ್ಮೇಲೆ ಅವ್ವಂಗೆ ಹೇಳೋ ಶಕ್ತಿ ನನಗಿರ್ಲಿಲ್ಲ. ಅಕ್ಕನೇ ಹೇಳಿದ್ಲು. ಆಂಬುಲೆನ್ಸಲ್ಲಿ ನಮ್ಮ ಜೊತೆ ಊರಿಗೆ ಬಂದು, ಅಪ್ಪನ್ನ ಮಣ್ಣು ಮಾಡೋವರೆಗೂ ಇದ್ಲು.

ಅಪ್ಪ ಇರ್ಬೇಕಿತ್ತು. ಕ್ರಾಫರ್ಡ್ ಹಾಲಲ್ಲಿ ಘಟಿಕೋತ್ಸವ ಅಂದಾಗೆಲ್ಲ ಒಳಗೆ ಏನೋ ಕಿತ್ಕೊಂಡು ಬರತ್ತೆ, ಸಿಟ್ಟೂ ಬರತ್ತೆ, ಯಾರ ಮೇಲೆ ಅಂತ ಗೊತ್ತಿಲ್ಲ.

ಅದಾದ್ಮೇಲೆ ತುಂಬ ದಿನ ನಾನು ಒಂದಕ್ಷರ ಬರೀಲಿಲ್ಲ. ಅಕ್ಕ ಸಂಜೆ ಲ್ಯಾಬ್ ಮುಗಿಸಿ ನನ್ನ ರೂಮಿಗೆ ಬಂದು ಕೂರ್ತಿದ್ಲು. "ಹಳೇದೇ ಓದವ್ವಾ, ನಾ ಕೇಳ್ತೀನಿ" ಅನ್ನೋಳು. ಕಾವ್ಯದಲ್ಲಿ ಕಲ್ಯಾಣದ ಸಾಲು ಅನ್ನೋ ಭಾಗ ಓದ್ದೆ. ಮಂಟೇದಲಿಂಗಯ್ಯ, ಅಂದ್ರೆ ಮಂಟೇಸ್ವಾಮಿ, ಮೈಯೆಲ್ಲ ಕೊಳೆತು ನಾರೋ ವೇಷದಲ್ಲಿ ಬಸವಣ್ಣನ ಬಾಗಿಲಿಗೆ ಬರ್ತಾನಲ್ಲ, ಕಾವಲವರು ತಡೀತಾರಲ್ಲ, ಆ ಭಾಗ. ಅಕ್ಕ ಎದ್ದು ಕೂತ್ಲು. "ಏ, ಇದು ನಮ್ಮ ಕಲ್ಯಾಣ ಅಲ್ಲೇನು? ನಿಮ್ಮೂರ ಮಂದಿ ನಮ್ಮೂರ ಕಥಿ ಯಾಕ ಹಾಡ್ತಾರ?" ಅಂದ್ಲು. ಎಲ್ಲಿ ಬಸವಕಲ್ಯಾಣ, ಎಲ್ಲಿ ಕೊಳ್ಳೇಗಾಲ! ಕಲ್ಯಾಣವನ್ನ ಕಣ್ಣಲ್ಲೇ ಕಾಣದ ಹಾಡುಗಾರ ಅದ್ರ ಬಾಗಿಲು, ಬೀದಿ, ಅಲ್ಲಿನ ಶರಣರ ಸೊಕ್ಕು ಎಲ್ಲಾನೂ ರಾತ್ರಿಯಿಡೀ ಹೇಗೆ ಕಟ್ತಾನೆ ಅನ್ನೋದನ್ನ ಅವಳಿಗೆ ಹೇಳೋಕೆ ಹೋಗಿ ಮಾರನೇ ದಿನ ಬರೆಯೋಕೆ ಕೂತೆ. ಥೀಸಿಸ್ಸಿನ ಮೂರನೇ ಅಧ್ಯಾಯ ಆಗಿದ್ದು ಹಾಗೆ. ವೈವಾದಲ್ಲಿ ಎಲ್ರೂ ಹೆಚ್ಚು ಪ್ರಶ್ನೆ ಕೇಳಿದ್ದು, ಮೆಚ್ಚಿದ್ದೂ ಅದನ್ನೇ.

ಅಕ್ಕಾ, ನೀನು ಬೇಡ ಅಂದ್ರೂ ಇಷ್ಟು ಬರೆದೆ. ನಿನ್ನ ಸಬ್‌ಮಿಶನ್ ಹತ್ರ ಬಂತಲ್ಲ, ಪ್ರಿಂಟು, ಬೈಂಡಿಂಗು, ಆಫೀಸಿನ ಓಡಾಟ ಎಲ್ಲ ನನ್ನದು. ನೀನು ಬರೀತಾ ಕೂತ್ಕೋ. ಅವ್ವ ರಾಗಿ ಹಿಟ್ಟು, ಹುರುಳಿಕಾಳು ಕಟ್ಟಿಟ್ಟಿದಾಳೆ, ಸೋಮವಾರ ಬರೋವಾಗ ತರ್ತೀನಿ.